ಅತ್ತೆಯ ಕುಟ್ಟಾಣಿ ಹಿಡಿದುಕೊಟ್ಟ ಭೂಕಂಪ

ನಮ್ಮ ಮನೆ ಅರಸೀಕೆರೆ ಹತ್ತಿರದ ಒಂದು ಹಳ್ಳಿಯಲ್ಲಿದೆ. ಹಳೇ ಕಾಲದ ಮನೆ. ಹಿಂದುಗಡೆ ಒಂದು ಉಗ್ರಾಣ ಇದೆ, ಒಂದೇ ಬಾಗಿಲು, ಕಿಟಕಿ ಇಲ್ಲ, ನೆಲಕ್ಕೆ ಚಪ್ಪಡಿ ಕಲ್ಲು. ಈಗ ಅಲ್ಲಿ ರಾಗಿ ಮೂಟೆ ಇಡುವುದಿಲ್ಲ. ಥರ್ಮಾಕೋಲ್ ಪೆಟ್ಟಿಗೆಯೊಳಗೆ ಒಂದು ಕಬ್ಬಿಣದ ಚೌಕಟ್ಟು, ಅದರಲ್ಲಿ ತೂಗುತ್ತಿರುವ ಒಂದು ಅಲ್ಯೂಮಿನಿಯಂ ಕೊಳವೆ, ಕೊಳವೆಗೆ ಕಟ್ಟಿದ ಒಂದು ಹಿತ್ತಾಳೆ ಕುಟ್ಟಾಣಿ ಇವೆ. ಇದು ನಮ್ಮ ಭೂಕಂಪಮಾಪಕ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು, ಬೆಸುಗೆ ಹಾಕುವ ಸೋಲ್ಡರಿಂಗ್ ಗನ್ನನ್ನು ಹೋದ ವರ್ಷದವರೆಗೆ ಕೈಯಲ್ಲಿ ಹಿಡಿದವಳೂ ಅಲ್ಲ. ಹಾಗಾಗಿ ತಪ್ಪುಗಳ ಪಟ್ಟಿ ದೊಡ್ಡದು. ಮಾಡಲು ಹೊರಟವರಿಗೆ ಉಪಯೋಗಕ್ಕೆ ಬರಬಹುದು ಅಂತ ಎಲ್ಲವನ್ನೂ ಬರೆದಿಟ್ಟಿದ್ದೇನೆ.

ಶುರುವಾಗಿದ್ದು ಒಂಬತ್ತನೇ ಕ್ಲಾಸಿನ ಒಂದು ಪ್ರಶ್ನೆಯಿಂದ. "ಮಿಸ್, ನೆಲವೇ ಅಲ್ಲಾಡುವಾಗ ಅದರ ಮೇಲಿಟ್ಟ ಮಿಷನ್ನೂ ಅಲ್ಲಾಡುತ್ತಲ್ವಾ? ಮತ್ತೆ ಅಳೆಯೋದು ಹೆಂಗೆ?" ಪುಸ್ತಕದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ನಿಂತುಕೊಂಡು ಬಸ್ಸಿನಲ್ಲಿ ಹೋಗುವಾಗ ಡ್ರೈವರ್ ದಡಕ್ಕನೆ ಗಾಡಿ ಬಿಟ್ಟರೆ ನಾವು ಹಿಂದಕ್ಕೆ ವಾಲುತ್ತೇವಲ್ಲ, ಅದೇ ಅಂದೆ. ಬಸ್ಸು ಮುಂದೆ ಹೋಯಿತು, ನಾವು ಇದ್ದಲ್ಲೇ ಉಳಿಯಲು ನೋಡಿದೆವು. ಭಾರವಾದ ವಸ್ತುವನ್ನು ಸಡಿಲವಾಗಿ ತೂಗುಬಿಟ್ಟರೆ ನೆಲ ಸರಿಯುತ್ತದೆ, ವಸ್ತು ಇದ್ದಲ್ಲೇ ಇರುತ್ತದೆ. ಎರಡರ ನಡುವಿನ ಅಂತರ ಅಳೆದರೆ ಆಯಿತು. ಹುಡುಗರು ತಲೆಯಾಡಿಸಿದರು. ನನಗೇ ಸಮಾಧಾನ ಆಗಲಿಲ್ಲ.

ಗೇಟಿನ ಲೆಕ್ಕ

ದೂರದ ದೊಡ್ಡ ಭೂಕಂಪದ ಅಲೆಗಳು ನಮ್ಮ ತನಕ ಬರುವ ಹೊತ್ತಿಗೆ ತುಂಬ ನಿಧಾನವಾಗಿರುತ್ತವೆ. ಒಂದು ಸಲ ಹೋಗಿಬರಲು ಹತ್ತು, ಹದಿನೈದು, ಇಪ್ಪತ್ತು ಸೆಕೆಂಡ್ ಬೇಕು. ಅದನ್ನು ಹಿಡಿಯಲು ಅಷ್ಟೇ ನಿಧಾನವಾಗಿ ತೂಗುವ ಲೋಲಕ ಬೇಕು. ಸಾಮಾನ್ಯ ಲೋಲಕದಲ್ಲಿ 12 ಸೆಕೆಂಡಿನ ತೂಗು ಬೇಕೆಂದರೆ ದಾರದ ಉದ್ದ ಸುಮಾರು 36 ಮೀಟರ್ ಆಗುತ್ತದೆ. ಹತ್ತು ಹನ್ನೆರಡು ಮಹಡಿ ಕಟ್ಟಡದ ಎತ್ತರ. ನಮ್ಮೂರಿನಲ್ಲಿ ಅಷ್ಟೆತ್ತರ ಇರುವುದು ಮೊಬೈಲ್ ಟವರ್ ಮಾತ್ರ.

ಇದಕ್ಕೆ ಉಪಾಯ ನಮ್ಮ ತೋಟದ ಗೇಟಿನಲ್ಲೇ ಇತ್ತು. ಗೇಟಿನ ಕಂಬ ಸ್ವಲ್ಪ ವಾಲಿದ್ದರೆ ಗೇಟು ತಾನಾಗಿ ಒಂದು ಕಡೆಗೆ ಬಂದು ನಿಲ್ಲುತ್ತದೆ. ಕಂಬ ಜಾಸ್ತಿ ವಾಲಿದ್ದರೆ ಬೇಗ ಬಂದು ಬಡಿಯುತ್ತದೆ. ಬರೀ ಒಂದು ಕೂದಲೆಳೆ ವಾಲಿದ್ದರೆ ಸೋಮಾರಿ ಎತ್ತಿನ ಹಾಗೆ ನಿಧಾನಕ್ಕೆ ತೂಗುತ್ತದೆ. ಕಂಬ ನೆಟ್ಟಗಿದ್ದರೆ ಎಲ್ಲಿ ಬಿಟ್ಟರೆ ಅಲ್ಲೇ. ಈ ಬಗೆಯ ಮಾಪಕಕ್ಕೆ ಇಂಗ್ಲಿಷಿನಲ್ಲೂ ತೋಟದ ಗೇಟು ಅಂತಲೇ ಹೆಸರು. ಕುಟ್ಟಾಣಿ ತಿರುಗುಬಿಂದುವಿನಿಂದ 60 ಸೆಂಟಿಮೀಟರ್ ದೂರದಲ್ಲಿದ್ದರೆ, 12 ಸೆಕೆಂಡಿನ ತೂಗಿಗೆ ಚೌಕಟ್ಟು ಸುಮಾರು ಒಂದು ಡಿಗ್ರಿ ವಾಲಿರಬೇಕು. ಲೆಕ್ಕ ಅಷ್ಟೇ.

ಡಿಸೆಂಬರ್: ಗುಜರಿ, ವೆಲ್ಡಿಂಗ್, ಕುಟ್ಟಾಣಿ

ತಳಕ್ಕೆ 80 ಸೆಂಟಿಮೀಟರ್ ಉದ್ದದ ಕಬ್ಬಿಣದ ಚಾನೆಲ್. ಹಿಂದೆ ಅಡ್ಡಪಟ್ಟಿ, ಅದರ ಎರಡು ತುದಿಗೆ ಒಂದೊಂದು ಬೋಲ್ಟ್, ಮುಂದೆ ಒಂದು ಬೋಲ್ಟ್. ಮೂರೇ ಕಾಲು ಇರಬೇಕು. ನಾಲ್ಕಿದ್ದರೆ ಒಂದು ಯಾವಾಗಲೂ ಗಾಳಿಯಲ್ಲಿರುತ್ತದೆ, ಹೋಟೆಲ್ ಟೇಬಲ್ಲಿನ ಹಾಗೆ. ಹಿಂಭಾಗದಲ್ಲಿ 45 ಸೆಂಟಿಮೀಟರ್ ಎತ್ತರದ ಕಂಬ. ವೆಲ್ಡಿಂಗ್ ಅಂಗಡಿಯವರು "ಏನಕ್ಕೆ ಮೇಡಂ, ಹೂವಿನ ಕುಂಡ ಇಡೋಕಾ?" ಅಂದರು. ಹೂಂ ಅಂದುಬಿಟ್ಟೆ. ಭೂಕಂಪ ಅಂತ ಹೇಳಿ ಅರ್ಧ ಗಂಟೆ ಕಳೆಯಲು ಪುರುಸೊತ್ತಿರಲಿಲ್ಲ.

ತೂಗುವ ಕೋಲಿಗೆ ಮೊದಲು 12 ಎಂಎಂ ಕಂಬಿ ಹಾಕಿದೆ. ಮೊದಲ ತಪ್ಪು ಅದೇ. ಕೋಲಿನ ತುದಿಯ ಹತ್ತಿರ ಬಲವಾದ ಆಯಸ್ಕಾಂತ ಇಡಬೇಕು. ಇಟ್ಟ ಕೂಡಲೇ ಕಂಬಿ ಹೋಗಿ ಟಪ್ ಅಂತ ಅಂಟಿಕೊಂಡಿತು. ಎರಡು ದಿನ ಪಾಡುಪಟ್ಟ ಮೇಲೆ ಪರದೆ ಹಾಕುವ ಅಲ್ಯೂಮಿನಿಯಂ ಕೊಳವೆ ತಂದೆ. ಭಾರಕ್ಕೂ ಅದೇ ಸಮಸ್ಯೆ. ಅಂಗಡಿಯ ಎರಡು ಕೆಜಿ ತೂಕದ ಬಟ್ಟು ಕಬ್ಬಿಣದ್ದು, ಅದನ್ನೂ ಆಯಸ್ಕಾಂತ ಎಳೆಯುತ್ತದೆ. ಅಂಟದ ಲೋಹ ಬೇಕು, ಭಾರವಾಗಿರಬೇಕು, ದುಡ್ಡು ಕೊಡುವ ಹಾಗಿರಬಾರದು. ಅಡಿಗೆಮನೆಯ ಮೂಲೆಯಲ್ಲಿ ಅತ್ತೆಯ ಹಿತ್ತಾಳೆ ಕುಟ್ಟಾಣಿ ಕೂತಿತ್ತು. ತೂಗಿ ನೋಡಿದರೆ ಎರಡು ಕೆಜಿಗೆ ಸ್ವಲ್ಪ ಕಡಿಮೆ.

"ಮಿಕ್ಸಿ ಇದೆಯಲ್ಲ ಅತ್ತೆ, ಒಂದು ತಿಂಗಳಿಗೆ ಅಷ್ಟೇ."

"ಏಲಕ್ಕಿ ಮಿಕ್ಸಿಗೆ ಹಾಕ್ತಾರೇನೇ?" ಅಂದರು. ಕೊಟ್ಟರು ಮಾತ್ರ.

ಕೋಲನ್ನು ಕಂಬದ ತಲೆಯಿಂದ ತೂಗುಹಾಕಲು ಮೊದಲು ಗಾಳದ ನೈಲಾನ್ ದಾರ ಬಳಸಿದೆ. ರಾತ್ರಿ ನೆಟ್ಟಗಿದ್ದ ಕೋಲು ಬೆಳಗ್ಗೆ ಮೂರು ಮಿಲಿಮೀಟರ್ ಕೆಳಗೆ ಜೋತಿತ್ತು. ನೈಲಾನ್ ಭಾರಕ್ಕೆ ಹಿಗ್ಗುತ್ತಲೇ ಹೋಗುತ್ತದೆ. ಸ್ಕೂಟರಿನ ಹಳೇ ಬ್ರೇಕ್ ವೈರ್ ಬಿಚ್ಚಿ, ಅದರ ಒಂದು ಎಳೆ ತೆಗೆದು ಕಟ್ಟಿದೆ. ಇವತ್ತಿಗೂ ಅದೇ ಇದೆ.

ತಿರುಗುಬಿಂದು ಎಲ್ಲಕ್ಕಿಂತ ಕಾಟ ಕೊಟ್ಟಿತು. ಕೋಲಿನ ಹಿಂತುದಿ ಕಂಬಕ್ಕೆ ಒತ್ತಿ ನಿಲ್ಲಬೇಕು, ಆದರೆ ಉಜ್ಜಬಾರದು. ಬೋಲ್ಟಿನ ತುದಿಯನ್ನು ಸಾಣೆ ಹಿಡಿದು ಸೂಜಿಯಂತೆ ಮಾಡಿದೆ. ಎರಡೇ ದಿನಕ್ಕೆ ಆ ಮೊನೆ ತಗಡಿನಲ್ಲಿ ತನಗೆ ತಾನೇ ಒಂದು ಗುಳಿ ಕೊರೆದುಕೊಂಡು ಅದರಲ್ಲೇ ಸಿಕ್ಕಿಹಾಕಿಕೊಂಡಿತು. ಆಮೇಲೆ ಸೈಕಲ್ ಅಂಗಡಿಯಲ್ಲಿ ಹಿಂಚಕ್ರದ ಬೇರಿಂಗಿನ ಒಂದು ಗುಂಡು ಇಸಕೊಂಡು ಬಂದೆ. ಕೋಲಿನ ತುದಿಗೆ ಆ ಗುಂಡನ್ನು ಅಂಟಿಸಿ, ಕಂಬದ ಕಡೆ ನುಣುಪಾದ ಗಟ್ಟಿ ಉಕ್ಕಿನ ಚೂರು ಇಟ್ಟೆ. ದುಂಡಗಿನದು ಚಪ್ಪಟೆಯ ಮೇಲೆ ಉರುಳುತ್ತದೆಯೇ ಹೊರತು ಉಜ್ಜುವುದಿಲ್ಲ. ಅದೇ ದಿನ ಕುಟ್ಟಾಣಿ ಮೊದಲ ಸಲ ಸದ್ದಿಲ್ಲದೆ ತೂಗಿತು. ನಾನು, ಮಗಳು ಇಬ್ಬರೂ ಉಸಿರು ಬಿಗಿಹಿಡಿದು ಎಣಿಸಿದೆವು. ಏಳು ಸೆಕೆಂಡ್.

ಜನವರಿ 7: ಕೈ ತಪ್ಪಿದ್ದು

ಅವತ್ತು ಬೆಳಗ್ಗೆ 6:35ಕ್ಕೆ ಟಿಬೆಟ್ಟಿನ ಡಿಂಗ್ರಿಯಲ್ಲಿ 7.1ರ ಭೂಕಂಪ ಆಯಿತು. ನಮ್ಮ ಯಂತ್ರ ಆಗ ಜಗಲಿಯ ಮೇಲೆ ಬಿಚ್ಚಿ ಬಿದ್ದಿತ್ತು. ತೂಗುವುದೇನೋ ಬಂದಿತ್ತು, ನಿಲ್ಲುವುದು ಬಂದಿರಲಿಲ್ಲ. ಒಂದು ಸಲ ಬೆರಳು ತಾಗಿಸಿದರೆ ಹತ್ತು ನಿಮಿಷ ತೂಗುತ್ತಿತ್ತು. ಅಂಥದ್ದು ಭೂಕಂಪವನ್ನು ಬರೆದರೂ ತನ್ನ ತೂಗನ್ನೇ ಬರೆಯುತ್ತದೆ. ಜೋರಾಗಿ ಓಡಿ ಮೊದಲು ಬರುವ ಪಿ ಅಲೆ ಯಾವುದು, ನಿಧಾನವಾಗಿ ಅದರ ಹಿಂದೆ ಬರುವ ಎಸ್ ಅಲೆ ಯಾವುದು ಅಂತ ಬೇರೆ ಮಾಡಲು ಆಗುವುದೇ ಇಲ್ಲ.

ಅದಕ್ಕೆ ಒಂದು ಕಡಿವಾಣ ಬೇಕು. ಕೆಲವರು ಎಣ್ಣೆಯ ಬಟ್ಟಲಲ್ಲಿ ಹಲಗೆ ಮುಳುಗಿಸುತ್ತಾರೆ. ಇರುವೆ, ಜಿರಳೆ ನೆನಸಿಕೊಂಡು ನಾನು ಅದನ್ನು ಬಿಟ್ಟೆ. ತಾಮ್ರದ ತಗಡು ಆಯಸ್ಕಾಂತದ ಸಂದಿಯಲ್ಲಿ ಓಡಾಡಿದರೆ ತಗಡಿನೊಳಗೇ ಸಣ್ಣ ಕರೆಂಟು ಹುಟ್ಟಿ, ಅದು ಓಡಾಟವನ್ನು ತಡೆಯುತ್ತದೆ. ಮುಟ್ಟದೆಯೇ ಹಿಡಿಯುವ ಬ್ರೇಕು. ಗುಜರಿಯಲ್ಲಿ ಸಿಕ್ಕ ಹಂಡೆಯ ತುಂಡು ತಾಮ್ರಕ್ಕಾಯಿತು. ಕೆಟ್ಟುಹೋದ ಎರಡು ಕಂಪ್ಯೂಟರ್ ಹಾರ್ಡ್‌ಡಿಸ್ಕ್ ಒಡೆದರೆ ನಾಲ್ಕು ನಿಯೋಡಿಮಿಯಂ ಆಯಸ್ಕಾಂತ ಸಿಕ್ಕವು. ಬೆರಳು ಜೋಪಾನ. ಎರಡು ಆಯಸ್ಕಾಂತದ ಮಧ್ಯೆ ನನ್ನ ಹೆಬ್ಬೆರಳು ಸಿಕ್ಕಿ ಒಂದು ವಾರ ಚಾಕ್ ಹಿಡಿಯಲು ಕಷ್ಟವಾಯಿತು.

ಆಯಸ್ಕಾಂತವನ್ನು ಹತ್ತಿರ, ದೂರ ಮಾಡುತ್ತ ಹೊಂದಿಸಬೇಕು. ಕೋಲನ್ನು ಒಂದು ಬೆರಳಿನಷ್ಟು ಎಳೆದು ಬಿಟ್ಟಾಗ ಅದು ವಾಪಸ್ ಬಂದು, ನಡುಗೆರೆಯನ್ನು ಒಂದಿಷ್ಟು ದಾಟಿ, ತಿರುಗಿ ಬಂದು ನಿಂತರೆ ಸರಿ. ದಾಟದೇ ನಿಂತರೆ ಬಿಗಿ ಜಾಸ್ತಿ. ಎರಡು ಮೂರು ಸಲ ತೂಗಿದರೆ ಸಡಿಲ ಜಾಸ್ತಿ.

ಓದುವ ಭಾಗವೂ ಇದೇ ಜಾಗದಲ್ಲಿ. ಕೋಲಿನ ತುದಿಗೆ ತೆಳು ತಂತಿಯ ಸುರುಳಿ, ಅದರ ಎರಡು ಬದಿಗೆ ಉಳಿದ ಆಯಸ್ಕಾಂತ. ಸುರುಳಿ ಅಲುಗಿದರೆ ವೋಲ್ಟೇಜ್ ಹುಟ್ಟುತ್ತದೆ. ಎರಡು ಸಾವಿರ ಸುತ್ತು ಕೈಯಲ್ಲಿ ಸುತ್ತಲು ಹೊರಟು ನಾನೂರಕ್ಕೆ ಲೆಕ್ಕ ತಪ್ಪಿತು, ಆರುನೂರಕ್ಕೆ ತಂತಿ ಹರಿಯಿತು. ಮೋಟಾರ್ ವೈಂಡಿಂಗ್ ಅಂಗಡಿಯವರು ಲೆಕ್ಕ ಇಡುವ ಮಿಷನ್ನಿನಲ್ಲಿ ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಸುತ್ತಿಕೊಟ್ಟರು. ಇದನ್ನು ಮನೆಯಲ್ಲಿ ಸುತ್ತುವ ಹಟ ಬೇಡ. ಸುರುಳಿಯ ಎರಡು ತಂತಿಯನ್ನು ಕೋಲಿನುದ್ದಕ್ಕೂ ಅಂಟಿಸಿ ತಿರುಗುಬಿಂದುವಿನ ಹತ್ತಿರವೇ ಹೊರಗೆ ತೆಗೆಯಬೇಕು. ತುದಿಯಿಂದಲೇ ಇಳಿಬಿಟ್ಟರೆ ಆ ಕೂದಲಿನಂಥ ತಂತಿಯೇ ಸ್ಪ್ರಿಂಗಾಗಿ ಕೋಲನ್ನು ಎಳೆಯುತ್ತದೆ.

ಎಲೆಕ್ಟ್ರಾನಿಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆ ಸಣ್ಣ ವೋಲ್ಟೇಜನ್ನು ಕೆಲವು ನೂರು ಪಟ್ಟು ಹಿಗ್ಗಿಸುವ ಒಂದು ಆಪ್-ಆಂಪ್, ಕರೆಂಟಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯನ್ನು ಸೋಸುವ ಕೆಪಾಸಿಟರ್, ವೋಲ್ಟೇಜನ್ನು 16 ಬಿಟ್ ಅಂಕಿಯಾಗಿ ಓದುವ ಒಂದು ಚಿಪ್ಪು, ಆರ್ಡುಯಿನೋ ಅನ್ನುವ ಒಂದು ಸಣ್ಣ ಕಂಪ್ಯೂಟರ್ ಬೋರ್ಡು, ಹಳೇ ಲ್ಯಾಪ್‌ಟಾಪ್. ಇದನ್ನು ಜೋಡಿಸಿಕೊಟ್ಟಿದ್ದು ನನ್ನ ಹಳೇ ವಿದ್ಯಾರ್ಥಿ. ನಾನು ಪಕ್ಕದಲ್ಲಿ ಕೂತು ಟೀ ಸರಬರಾಜು ಮಾಡಿದೆ.

ಫೆಬ್ರವರಿ: ಉತ್ತರ ಎಲ್ಲಿದೆ?

ಈ ಯಂತ್ರ ಕೋಲಿನ ಅಡ್ಡ ದಿಕ್ಕಿನ ಅಲುಗಾಟವನ್ನು ಮಾತ್ರ ಹಿಡಿಯುತ್ತದೆ. ಕೋಲು ಉತ್ತರ-ದಕ್ಷಿಣ ಮಲಗಿದ್ದರೆ ನೆಲ ಪೂರ್ವ-ಪಶ್ಚಿಮ ಸರಿಯುವುದು ಕಾಣುತ್ತದೆ. ಹಾಗಾಗಿ ಉತ್ತರ ಸರಿಯಾಗಿ ಗೊತ್ತಿರಬೇಕು. ಫೋನಿನ ದಿಕ್ಸೂಚಿಯನ್ನು ಚೌಕಟ್ಟಿನ ಮೇಲಿಟ್ಟು ನೋಡಿ, ಅದರ ಪ್ರಕಾರ ಕೂರಿಸಿದೆ. ಮಗಳು ಬಾಗಿಲಲ್ಲಿ ನಿಂತು, "ಅಮ್ಮಾ, ಈ ಉತ್ತರ ಬಚ್ಚಲುಮನೆ ಕಡೆಗಿದೆ. ಬೆಳಗ್ಗೆ ಸೂರ್ಯ ಬರೋದು ಎಲ್ಲಿಂದ?" ಅಂದಳು. ಹಾರ್ಡ್‌ಡಿಸ್ಕಿನ ಆಯಸ್ಕಾಂತದ ಪಕ್ಕ ದಿಕ್ಸೂಚಿ ಇಟ್ಟು ಉತ್ತರ ಹುಡುಕಿದ ಭೂಗೋಳದ ಟೀಚರ್ ನಾನು. ನಲವತ್ತು ಡಿಗ್ರಿ ತಪ್ಪಿತ್ತು.

ಸರಿ, ಅಂಗಳದಲ್ಲಿ ಕೋಲು ನೆಟ್ಟೆವು. ನೆರಳು ಅತಿ ಗಿಡ್ಡವಾದಾಗ ಅದು ಸರಿಯಾಗಿ ಉತ್ತರ-ದಕ್ಷಿಣ ಬೀಳುತ್ತದೆ. ಅದು ಹನ್ನೆರಡು ಗಂಟೆಗೆ ಅಲ್ಲ. ನಮ್ಮ ಗಡಿಯಾರ ನಡೆಯುವುದು 82 ಡಿಗ್ರಿ 30 ಮಿನಿಟ್ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಅರಸೀಕೆರೆ ಸುಮಾರು 76 ಕಾಲು ಡಿಗ್ರಿಯಲ್ಲಿದೆ. ಆರೂಕಾಲು ಡಿಗ್ರಿ ವ್ಯತ್ಯಾಸ, ಡಿಗ್ರಿಗೆ ನಾಲ್ಕು ನಿಮಿಷದಂತೆ 25 ನಿಮಿಷ. ಅದರ ಮೇಲೆ ಫೆಬ್ರವರಿ ಮಧ್ಯದಲ್ಲಿ ಸೂರ್ಯ ಗಡಿಯಾರಕ್ಕಿಂತ ಇನ್ನೂ 14 ನಿಮಿಷ ತಡ. ಅಂದರೆ ನಮ್ಮೂರಿನ ನಿಜವಾದ ಮಧ್ಯಾಹ್ನ 12:39ಕ್ಕೆ. ಆ ಹೊತ್ತಿಗೆ ನೆರಳಿನ ಮೇಲೆ ಸುಣ್ಣದ ಗೆರೆ ಎಳೆದು, ಗೆರೆಯ ನೇರಕ್ಕೆ ದಾರ ಕಟ್ಟಿ, ಗಾರೆಯವರು ಮಾಡುವ ಹಾಗೆ ಅದನ್ನು ಬಾಗಿಲೊಳಗಿಂದ ಉಗ್ರಾಣಕ್ಕೆ ಸಾಗಿಸಿದೆವು. ಅಕ್ಷಾಂಶ, ರೇಖಾಂಶ, ಸ್ಥಳೀಯ ವೇಳೆ ಮೂರನ್ನೂ ನಾನು ಹದಿನೈದು ವರ್ಷದಿಂದ ಬೋರ್ಡಿನ ಮೇಲೆ ಹೇಳುತ್ತಿದ್ದೇನೆ. ಒಂದು ಕೆಲಸಕ್ಕೆ ಬಳಸಿದ್ದು ಇದೇ ಮೊದಲು.

ಆಮೇಲೆ ತೂಗಿನ ಹೊಂದಾಣಿಕೆ. ಮುಂದಿನ ಬೋಲ್ಟನ್ನು ಒಂದು ಸುತ್ತು ತಿರುಗಿಸಿದರೆ ಒಂದೂಕಾಲು ಮಿಲಿಮೀಟರ್ ಏರಿಳಿತ, ಅಂದರೆ ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತ ಚೂರು ಕಡಿಮೆ. ಏಳು ಸೆಕೆಂಡ್ ಒಂಬತ್ತಾಯಿತು, ಹನ್ನೆರಡಾಯಿತು. ಆಸೆಗೆ ಹದಿನೆಂಟಕ್ಕೆ ಹೋದೆ. ರಾತ್ರಿ ಚಳಿಗೆ ಚೌಕಟ್ಟು ಒಂದಿಷ್ಟು ಕುಗ್ಗಿತೋ ಏನೋ, ಬೆಳಗ್ಗೆ ಕೋಲು ಒಂದು ಬದಿಗೆ ವಾಲಿ ಮಲಗಿಬಿಟ್ಟಿತ್ತು. ಹನ್ನೆರಡಕ್ಕೇ ವಾಪಸ್ ಬಂದೆ.

ಮೊದಲ ಎರಡು ವಾರ ಅದು ಬರೆದಿದ್ದೆಲ್ಲ ನಮ್ಮ ಸಂಸಾರದ ಕಥೆ. ಬಾಗಿಲು ತೆರೆದರೆ ಗಾಳಿಗೆ ಒಂದು ಗೀಟು. ನಾನು ಹತ್ತಿರ ಹೋಗಿ ನಿಂತರೆ ನನ್ನ ಭಾರಕ್ಕೆ ಚಪ್ಪಡಿ ಬಾಗಿ, ಗೆರೆ ನಿಧಾನಕ್ಕೆ ಪಕ್ಕಕ್ಕೆ ಸರಿಯುತ್ತಿತ್ತು. ಇದನ್ನು ನೋಡಿ ಅತ್ತೆ "ಚಪ್ಪಡಿ ಕಲ್ಲೂ ಬಾಗುತ್ತೆ ಅಂತಾಯ್ತು, ನೀನು ಅಷ್ಟು ದಪ್ಪ ಆಗಿದ್ದೀಯ" ಅಂದರು. ರೈಲ್ವೆ ಲೈನ್ ದೂರವಿದ್ದರೂ ಗೂಡ್ಸ್ ಗಾಡಿ ಹೋದಾಗ ಗೆರೆಗೆ ಮೀಸೆ ಬರುತ್ತಿತ್ತು. ಒಂದು ದಿನ ಗೆರೆ ಪೂರ್ತಿ ಸತ್ತುಹೋಯಿತು. ಯಂತ್ರ ಕೆಟ್ಟಿತು ಅಂತ ಎಲ್ಲ ಬಿಚ್ಚಿ ನೋಡಿದರೆ ಕೋಲಿಗೂ ಚೌಕಟ್ಟಿಗೂ ನಡುವೆ ಜೇಡ ಬಲೆ ಕಟ್ಟಿತ್ತು. ಅಷ್ಟೇ ಸಾಕು ಅದಕ್ಕೆ! ಅವತ್ತೇ ಥರ್ಮಾಕೋಲ್ ಪೆಟ್ಟಿಗೆ ಮಾಡಿ, ಸಂದಿಗೆಲ್ಲ ಟೇಪ್ ಸುತ್ತಿದೆ.

ನಮ್ಮ ಕಲ್ಲಿನ ನೆಲ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ದಕ್ಷಿಣ ಕರ್ನಾಟಕದ ಕಲ್ಲು ಮುನ್ನೂರು ಕೋಟಿ ವರ್ಷದಷ್ಟು ಹಳೆಯದು, ಗಟ್ಟಿ, ಸದ್ದು ಕಡಿಮೆ. ಗೌರಿಬಿದನೂರಿನಲ್ಲಿ 1960ರ ದಶಕದ ಮಧ್ಯದಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ದೊಡ್ಡ ಸಾಲು ಇದೆ. ಇಪ್ಪತ್ತು ಮಾಪಕಗಳನ್ನು ಇಂಗ್ಲಿಷ್ ಎಲ್ ಅಕ್ಷರದ ಆಕಾರದಲ್ಲಿ ಹೂತಿದ್ದಾರೆ. ಬೇರೆ ದೇಶಗಳು ನೆಲದಡಿ ಅಣುಬಾಂಬ್ ಸಿಡಿಸಿದರೂ ಅಲ್ಲಿ ಗೊತ್ತಾಗುತ್ತದೆ. ಅದೇ ಕಲ್ಲಿನ ಇನ್ನೊಂದು ತುದಿಯ ಮೇಲೆ ನಮ್ಮ ಕುಟ್ಟಾಣಿ.

ಮಾರ್ಚ್ 28, ಶುಕ್ರವಾರ

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಯಾರದೋ ಫೋನಿನಲ್ಲಿ ಬ್ಯಾಂಕಾಕ್‌ನ ವಿಡಿಯೋ ಓಡುತ್ತಿತ್ತು. ಕಟ್ಟುತ್ತಿದ್ದ ದೊಡ್ಡ ಕಟ್ಟಡ ಕುಸಿದು ದೂಳಾಗುತ್ತಿತ್ತು. ಭೂಕಂಪ ಆಗಿದ್ದು ಅಲ್ಲಲ್ಲ, ಸಾವಿರ ಕಿಲೋಮೀಟರ್ ಆಚೆ ಮ್ಯಾನ್ಮಾರ್‌ನಲ್ಲಿ, ಮಂಡಾಲೆಯ ಹತ್ತಿರ. ಅಳತೆ 7.7, ನಮ್ಮ ಗಡಿಯಾರದಲ್ಲಿ 11:50. ಸಾವಿರಾರು ಜನ ಸತ್ತ ಸುದ್ದಿ ಆಮೇಲೆ ಬಂತು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಉಗ್ರಾಣ ಮಾತ್ರ. ನಾಚಿಕೆ ಅನ್ನಿಸಿದರೂ ನಿಜ ಅದು.

ಸಂಜೆ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಲ್ಯಾಪ್‌ಟಾಪ್ ನೋಡಿದೆ. ದಿನವಿಡೀ ದಾರದಂತೆ ಹರಿದ ಗೆರೆ, ನಡುವೆ ಒಂದು ಕಡೆ ಕಪ್ಪು ಗೆಡ್ಡೆ. ಹಿಗ್ಗಿಸಿ ನೋಡಿದರೆ ಮೂರು ಭಾಗ. ಮೊದಲು ಕೂದಲೆಳೆಯಷ್ಟು ನಡುಕ, ಹುಡುಕಿದರೆ ಮಾತ್ರ ಕಾಣುವಂಥದ್ದು. ಅದು ಪಿ ಅಲೆ. ಮೂರೂಮುಕ್ಕಾಲು ನಿಮಿಷದ ಮೇಲೆ ಗೆರೆ ಒಮ್ಮೆಲೇ ಅಗಲವಾಗುತ್ತದೆ, ಅದು ಎಸ್. ಇನ್ನೂ ಮೂರು ನಿಮಿಷಕ್ಕೆ ನೆಲದ ಮೇಲ್ಮೈಯಲ್ಲೇ ಉರುಳಿ ಬರುವ ಅಲೆಗಳು ಬಂದವು, ಅಲ್ಲಿ ಪರದೆಯ ಮೇಲೂ ಕೆಳಗೂ ಗೆರೆ ಕತ್ತರಿಸಿಹೋಗಿತ್ತು. ಅರ್ಧ ಗಂಟೆಗೂ ಜಾಸ್ತಿ ಹೊತ್ತು ತೂಗಿದೆ. ಹನ್ನೆರಡು ನಿಮಿಷದ ನಂತರ ಅಲ್ಲಿ ಆದ ದೊಡ್ಡ ಮರುಕಂಪನ ಇದೇ ಬಾಲದೊಳಗೆ ಮುಚ್ಚಿಹೋಗಿತ್ತು. ಅಷ್ಟು ಹೊತ್ತು ನಮ್ಮ ಮನೆಯ ನೆಲ ನಿಧಾನಕ್ಕೆ ಅತ್ತಿತ್ತ ಸರಿದಿದೆ. ಅದೇ ನೆಲದ ಮೇಲೆ ಅತ್ತೆ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದರು.

ಲ್ಯಾಪ್‌ಟಾಪಿನ ಗಡಿಯಾರ ನಲವತ್ತು ಸೆಕೆಂಡ್ ಹಿಂದಿತ್ತು, ಇಂಟರ್ನೆಟ್ ಇಲ್ಲದೆ ವಾರದಿಂದ ಸರಿಹೋಗಿರಲಿಲ್ಲ. ಮೊದಲು ಹೊಟ್ಟೆ ಉರಿಯಿತು. ಆಮೇಲೆ ಹೊಳೆಯಿತು. ದೂರ ಕಂಡುಹಿಡಿಯಲು ಬೇಕಿರುವುದು ಪಿ ಮತ್ತು ಎಸ್ ನಡುವಿನ ಅಂತರ ಮಾತ್ರ. ಎರಡೂ ಒಂದೇ ಗಡಿಯಾರದಲ್ಲಿ ತಪ್ಪಾಗಿದ್ದರೆ ವ್ಯತ್ಯಾಸ ಸರಿಯಾಗಿಯೇ ಇರುತ್ತದೆ. ಮಿಂಚು ಕಂಡ ಮೇಲೆ ಗುಡುಗಿಗೆ ಎಣಿಸುವಾಗ ಗಂಟೆ ಎಷ್ಟೆಂದು ಯಾರು ನೋಡುತ್ತಾರೆ?

ನಕ್ಷೆಯಲ್ಲಿ ಎಡವಿದ್ದು

ಸೋಮವಾರ ಒಂಬತ್ತನೇ ಕ್ಲಾಸಿನ ಐದಾರು ಹುಡುಗ ಹುಡುಗಿಯರು ಮನೆಗೆ ಬಂದರು. ಅಂತರ 3 ನಿಮಿಷ 48 ಸೆಕೆಂಡ್ ಅಂತ ಅವರೇ ಅಳೆದರು, ಅಂದರೆ 228 ಸೆಕೆಂಡ್. ಹತ್ತಿರದ ಭೂಕಂಪಕ್ಕೆ ಒಂದು ಸುಲಭ ಲೆಕ್ಕ ಇದೆ, ಅಂತರವನ್ನು ಎಂಟರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ದೂರ. ಗುಣಿಸಿದರು. 1824 ಕಿಲೋಮೀಟರ್. ಮಂಡಾಲೆಯ ದಿಕ್ಕಿನಲ್ಲಿ ಅಷ್ಟು ದೂರ ಹೋದರೆ ಬಂಗಾಳ ಕೊಲ್ಲಿಯ ನೀರು.

ತಪ್ಪು ಗುಣಾಕಾರದ್ದಲ್ಲ. ಎಂಟರ ಲೆಕ್ಕ ನಡೆಯುವುದು ಅಲೆ ಭೂಮಿಯ ಹೊರಚಿಪ್ಪಿನಲ್ಲೇ ಬಂದಾಗ. ಅಲ್ಲಿ ಪಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್, ಎಸ್ ಮೂರೂವರೆ. ಎರಡು ಸಾವಿರ ಕಿಲೋಮೀಟರ್ ದೂರದಿಂದ ಬರುವ ಅಲೆ ನೆಲದಡಿ ನೂರಾರು ಕಿಲೋಮೀಟರ್ ಆಳಕ್ಕೆ ಇಳಿದು, ಅಲ್ಲಿ ಇನ್ನೂ ಜೋರಾಗಿ ಓಡಿ, ಮೇಲೆ ಬರುತ್ತದೆ. ಹಳ್ಳಿ ರಸ್ತೆಯ ವೇಗ ಹಿಡಿದು ಹೈವೇ ಬಸ್ಸಿನ ಲೆಕ್ಕ ಹಾಕಿದ ಹಾಗೆ. ದೂರದ ಭೂಕಂಪಕ್ಕೆ ಬೇರೆ ಕೋಷ್ಟಕ ಇದೆ. ಅದರಲ್ಲಿ ದೂರ ಡಿಗ್ರಿಯಲ್ಲಿರುತ್ತದೆ. 10 ಡಿಗ್ರಿಗೆ ಅಂತರ ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ, 20 ಡಿಗ್ರಿಗೆ 3 ನಿಮಿಷ 40 ಸೆಕೆಂಡಿನ ಹತ್ತಿರ, 30 ಡಿಗ್ರಿಗೆ ಸುಮಾರು ಐದು ನಿಮಿಷ. ನಮ್ಮದು 21 ಡಿಗ್ರಿ. ಡಿಗ್ರಿಗೆ 111 ಕಿಲೋಮೀಟರಿನಂತೆ 2300 ಚಿಲ್ಲರೆ.

ಒಂದು ಯಂತ್ರದಿಂದ ದೂರ ಮಾತ್ರ ಗೊತ್ತಾಗುತ್ತದೆ, ದಿಕ್ಕು ಗೊತ್ತಾಗುವುದಿಲ್ಲ, ಹಾಗಾಗಿ ಅದರ ಸುತ್ತ ಒಂದು ವೃತ್ತ ಸಿಗುತ್ತದೆ ಅಷ್ಟೇ. ಮೂರು ವೃತ್ತ ಕೂಡುವ ಕಡೆ ಭೂಕಂಪದ ಜಾಗ. ಉಳಿದ ಎರಡಕ್ಕೆ ಶ್ರೀಲಂಕಾದ ಪಲ್ಲೆಕೆಲೆ ಮತ್ತು ಹಿಂದೂ ಮಹಾಸಾಗರದ ಡಿಯೇಗೋ ಗಾರ್ಸಿಯಾ ಕೇಂದ್ರಗಳನ್ನು ಆರಿಸಿದೆ. ಇಂಥ ಕೇಂದ್ರಗಳ ದಾಖಲೆಯನ್ನು ಯಾರು ಬೇಕಾದರೂ ಇಳಿಸಿಕೊಂಡು ನೋಡಬಹುದು. ಪಲ್ಲೆಕೆಲೆಯಿಂದಲೂ 21 ಡಿಗ್ರಿ ಹತ್ತಿರ. ಡಿಯೇಗೋ ಗಾರ್ಸಿಯಾದ್ದು ಐದೂಮುಕ್ಕಾಲು ನಿಮಿಷ, ಅಂದರೆ 37 ಡಿಗ್ರಿ.

ಗೋಡೆಯ ಪ್ರಪಂಚ ನಕ್ಷೆಯನ್ನು ನೆಲಕ್ಕೆ ಹಾಸಿ, ಕೈವಾರದ ಬದಲು ದಾರಕ್ಕೆ ಪೆನ್ಸಿಲ್ ಕಟ್ಟಿ ವೃತ್ತ ಎಳೆದರು. ಮೂರೂ ಒಂದು ಕಡೆ ಕೂಡಲಿಲ್ಲ. ನಮ್ಮ ನಕ್ಷೆ ಮರ್ಕೇಟರ್ ಬಗೆಯದು, ಗ್ರೀನ್‌ಲೆಂಡನ್ನು ಆಫ್ರಿಕಾದಷ್ಟು ತೋರಿಸುವಂಥದ್ದು. ಅದರ ಮೇಲೆ ಅಚ್ಚು ಹಾಕಿದ ಸ್ಕೇಲು ಸಮಭಾಜಕದ ಹತ್ತಿರ ಮಾತ್ರ ನಿಜ. 60 ಡಿಗ್ರಿ ಅಕ್ಷಾಂಶದಲ್ಲಿ ಅದೇ ಒಂದು ಸೆಂಟಿಮೀಟರ್ ಅರ್ಧದಷ್ಟು ಕಿಲೋಮೀಟರಿಗೆ ಸಮ. ಅಂಥ ನಕ್ಷೆಯ ಮೇಲೆ ಭೂಮಿಯ ವೃತ್ತ ವೃತ್ತವಾಗಿ ಉಳಿಯುವುದೇ ಇಲ್ಲ, ಮೇಲ್ಗಡೆ ಉಬ್ಬಿ ಮೊಟ್ಟೆಯಾಗುತ್ತದೆ.

ಸರಿ, ಗ್ಲೋಬು ತನ್ನಿ ಅಂದೆ. 30 ಸೆಂಟಿಮೀಟರಿನ ಗ್ಲೋಬು, ಒಂದು ಸೆಂಟಿಮೀಟರಿಗೆ ಸುಮಾರು 425 ಕಿಲೋಮೀಟರ್. ನಾನು ಭಾಗಾಕಾರ ಮಾಡುತ್ತಾ ಕೂತಿದ್ದೆ. ಅಷ್ಟರಲ್ಲಿ ಒಬ್ಬಳು ದಾರವನ್ನು ಸಮಭಾಜಕ ವೃತ್ತದ ಮೇಲೆ ಬಿಗಿಯಾಗಿ ಇಟ್ಟು, ರೇಖಾಂಶಗಳನ್ನು ಎಣಿಸಿ, 21 ಡಿಗ್ರಿಗೆ ಉಗುರಿನಿಂದ ಗುರುತು ಮಾಡಿಕೊಂಡಳು. "ಮಿಸ್, ಕಿಲೋಮೀಟರ್ ಯಾಕೆ? ಕೋಷ್ಟಕ ಡಿಗ್ರಿಯಲ್ಲಿದೆ, ಗ್ಲೋಬೂ ಡಿಗ್ರಿಯಲ್ಲಿದೆ." ನಾನು ಪೆನ್ನು ಕೆಳಗಿಟ್ಟೆ. ಪಕ್ಕದವನು ಅದನ್ನೇ ಮಾಡಲು ಹೋಗಿ ದಾರವನ್ನು 40 ಡಿಗ್ರಿ ಅಕ್ಷಾಂಶದ ಮೇಲೆ ಅಳೆದ. ಅವನ 21 ಡಿಗ್ರಿ ಗಿಡ್ಡವಾಗಿತ್ತು. ಯಾಕೆ ಅಂತ ಇಬ್ಬರೂ ಜಗಳ ಆಡುತ್ತಾ ಉತ್ತರ ಧ್ರುವದ ತನಕ ಹೋದರು. ರೇಖಾಂಶಗಳು ಅಲ್ಲಿ ಒಂದೇ ಚುಕ್ಕೆಯಲ್ಲಿ ಸೇರುವುದನ್ನು ಬೆರಳಿಟ್ಟು ನೋಡಿ ಜಗಳ ತಾನಾಗಿ ನಿಂತಿತು. ನಾನು ಬಾಯಿ ಹಾಕಲಿಲ್ಲ.

ಅರಸೀಕೆರೆಯಿಂದ ಒಂದು ವೃತ್ತ, ಪಲ್ಲೆಕೆಲೆಯಿಂದ ಒಂದು. ಬಳಪದಲ್ಲಿ ಎಳೆದರು. "ಮಿಸ್, ಎರಡು ಕಡೆ ಕೂಡುತ್ತೆ!" ಒಂದು ಮಂಡಾಲೆಯ ಹತ್ತಿರ. ಇನ್ನೊಂದು ಸೇಶೆಲ್ಸ್ ದ್ವೀಪಗಳ ಪೂರ್ವಕ್ಕೆ, ಸಮುದ್ರದ ನಡುವೆ. ಸುದ್ದಿ ಕೇಳಿದ್ದರಿಂದ ಮ್ಯಾನ್ಮಾರ್ ಅಂತ ನಮಗೆ ಗೊತ್ತು. ಸುದ್ದಿ ಕೇಳಿಲ್ಲ ಅಂದುಕೊಳ್ಳಿ, ಹೇಗೆ ಹೇಳುತ್ತೀರಿ ಅಂದೆ. ಭೂಫಲಕಗಳ ಅಂಚು ನೋಡಿ ಹೇಳಬಹುದು ಅಂದ ಒಬ್ಬ. ಒಳ್ಳೇ ಮಾತೇ. ಆದರೆ ಆ ಎರಡನೇ ಜಾಗದ ಪೂರ್ವಕ್ಕೆ ಸ್ವಲ್ಪ ದೂರದಲ್ಲೇ ಕಾರ್ಲ್ಸ್‌ಬರ್ಗ್ ಏಣು ಹಾದುಹೋಗಿದೆ. ಸಮುದ್ರದಡಿ ಭಾರತದ ಫಲಕ ಮತ್ತು ಆಫ್ರಿಕಾ ಕಡೆಯ ಫಲಕ ಒಂದನ್ನೊಂದು ಬಿಟ್ಟು ದೂರ ಸರಿಯುವ ಅಂಚು ಅದು, ಅಲ್ಲೂ ಭೂಕಂಪ ಆಗುತ್ತದೆ. ಅಂಚನ್ನು ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ. ಮೂರನೇ ದಾರವೇ ಬೇಕು. ಡಿಯೇಗೋ ಗಾರ್ಸಿಯಾದಿಂದ 37 ಡಿಗ್ರಿ ಎಳೆದಾಗ ಅದು ಸಮುದ್ರದ ಚುಕ್ಕೆಯ ಹತ್ತಿರಕ್ಕೂ ಬರಲಿಲ್ಲ, ಮ್ಯಾನ್ಮಾರ್ ಮೇಲೆ ಹಾದುಹೋಯಿತು. ಮೂರು ಗೆರೆಗಳ ನಡುವೆ ಹೆಸರುಕಾಳಿನಷ್ಟು ತ್ರಿಕೋನ ಉಳಿಯಿತು.

ಹೆಸರುಕಾಳು ಅಂದರೂ ಆ ಗ್ಲೋಬಿನಲ್ಲಿ ಅದು ನೂರೈವತ್ತು ಕಿಲೋಮೀಟರಿಗೂ ಜಾಸ್ತಿ. ಪಿ ಅಲೆಯ ಶುರುವನ್ನು ಹತ್ತು ಸೆಕೆಂಡ್ ತಪ್ಪಾಗಿ ಓದಿದರೆ ದೂರ ನೂರು ಕಿಲೋಮೀಟರಿಗೂ ಮೇಲೆ ತಪ್ಪುತ್ತದೆ. ನಮ್ಮ ಪಿ ಹೇಗೂ ಮಸುಕಾಗಿತ್ತು. ಆದರೆ ಈ ಭೂಕಂಪದಲ್ಲಿ ಚುಕ್ಕೆಗೇ ಅಷ್ಟು ಅರ್ಥ ಇಲ್ಲ. ಎಪಿಸೆಂಟರ್ ಅನ್ನುವುದು ಬಿರುಕು ಶುರುವಾದ ಜಾಗ ಅಷ್ಟೇ. ಸಗಾಯಿಂಗ್ ಸ್ತರಭಂಗ ಅನ್ನುವ ನೆಲದ ಬಿರುಕು ಮ್ಯಾನ್ಮಾರ್ ದೇಶವನ್ನು ಉತ್ತರ-ದಕ್ಷಿಣವಾಗಿ ಸೀಳಿಕೊಂಡು ಹೋಗುತ್ತದೆ. ಅದರ ಎರಡು ಬದಿಯ ನೆಲ ವರ್ಷಕ್ಕೆ ಎರಡು ಸೆಂಟಿಮೀಟರಿನ ಆಸುಪಾಸಿನಲ್ಲಿ ಒಂದಕ್ಕೊಂದು ಉಜ್ಜಿಕೊಂಡು ಎದುರುಬದುರು ಸರಿಯಲು ನೋಡುತ್ತದೆ, ಕಿರಿದಾದ ರಸ್ತೆಯಲ್ಲಿ ಎದುರಾದ ಎರಡು ಬಸ್ಸಿನ ಹಾಗೆ. ಅಂಟಿಕೊಂಡಿದ್ದ ಜಾಗ ಅವತ್ತು ಬಿಟ್ಟುಕೊಂಡಿತು. ಸೀಳಿದ ಉದ್ದ 400 ಕಿಲೋಮೀಟರಿಗೂ ಜಾಸ್ತಿ, ಬೆಂಗಳೂರಿಂದ ಹುಬ್ಬಳ್ಳಿಯಷ್ಟು. ಅದರ ಮೇಲೆ ನಮ್ಮ ಹೆಸರುಕಾಳು ಸರಿಯಾಗಿ ಕೂತಿತ್ತು.

ಈಗಿನ ಸ್ಥಿತಿ

ತಾಮ್ರದ ತಗಡಿಗೆ ಕಿಲುಬು ಹಿಡಿದಿದೆ, ಕೆಲಸಕ್ಕೆ ತೊಂದರೆ ಇಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದೆ, ಕರೆಂಟ್ ಹೋದರೆ ದಾಖಲೆಯಲ್ಲಿ ತೂತು ಬೀಳುತ್ತದೆ. ಅದಕ್ಕೊಂದು ಸಣ್ಣ ಯುಪಿಎಸ್ ತರಬೇಕು. ಉತ್ತರ-ದಕ್ಷಿಣದ ಅಲುಗಾಟ ಹಿಡಿಯಲು ಇನ್ನೊಂದು ಚೌಕಟ್ಟನ್ನು ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿಬಂದಿದ್ದೇನೆ. ಈ ಸಲ ಅವರೇ "ಭೂಕಂಪದ್ದಾ ಮೇಡಂ?" ಅಂದರು.

ಒಂದು ತಿಂಗಳಿಗೆ ಅಂತ ತಂದ ಕುಟ್ಟಾಣಿಗೆ ನಾಲ್ಕು ತಿಂಗಳಾಯಿತು. ಯುಗಾದಿಗೆ ಅತ್ತೆಗೆ ಕಲ್ಲಿನದು ಒಂದು ತಂದುಕೊಟ್ಟೆ. ಏಲಕ್ಕಿ ಅದರಲ್ಲಿ ಚೆನ್ನಾಗಿ ಆಗುತ್ತದಂತೆ. ಎರಡನೇ ಯಂತ್ರಕ್ಕೆ ಇನ್ನೊಂದು ಹಿತ್ತಾಳೆ ಸಾಮಾನು ಬೇಕು ಅಂತ ಅವರಿಗೆ ಇನ್ನೂ ಹೇಳಿಲ್ಲ. ದೇವರಮನೆಯ ದೊಡ್ಡ ದೀಪದ ಕಂಬದ ಮೇಲೆ ಕಣ್ಣಿದೆ.